ಎದ್ದು ನಿಂತವರ ಒಪ್ಪಿಗೆ

"ಇದಕ್ಕೆ ಕಳ್ಳತನ ಅಂತಾರೆ," ಎಂದ ಕ್ರಿಸ್ಪಿನ್ ಹೇಲ್.

ಮೊದಲ ಸಲ ಹೇಳಿದಾಗ ಡೊಲಿನಾ ಕೇಳಿಸದವಳಂತೆ ಸನಿಕೆಯ ಮೇಲೆ ಕಾಲೂರಿ ಒತ್ತಿದಳು. ಒಣಗಿಸಿದರೆ ಸೌದೆಯ ಹಾಗೆ ಉರಿಯುವ ಕಪ್ಪು ಪೀಟ್ ಮಣ್ಣು ಬೆಣ್ಣೆಯ ಹಾಗೆ ಸೀಳಿ ಬಂತು. ಕೆಳಗೆ ಕಾಲುವೆಯಲ್ಲಿ ನಿಂತಿದ್ದ ನಾದಿನಿ ಸೋನಾಗ್ ಆ ಒದ್ದೆ ಹೆಂಟೆಯನ್ನು ಹಿಡಿದು ದಡದ ಹುಲ್ಲಿನ ಮೇಲಕ್ಕೆ ಎಸೆದಳು. ಒಬ್ಬರು ಕೊಯ್ಯಬೇಕು, ಒಬ್ಬರು ಎಸೆಯಬೇಕು, ಒಬ್ಬರಿಂದ ಆಗುವ ಕೆಲಸವಲ್ಲ ಇದು. ಎರಡನೆಯ ಸಲ ಕ್ರಿಸ್ಪಿನ್ ಅದೇ ಮಾತನ್ನು ಇನ್ನೂ ಮೆತ್ತಗೆ, ಹಟಮಾರಿ ಮಗುವಿಗೆ ತಿಳಿಹೇಳುವವನ ಧಾಟಿಯಲ್ಲಿ ಹೇಳಿದ. ಆಗ ಅವಳು ಸನಿಕೆಯನ್ನು ನೆಲಕ್ಕೆ ಕುಕ್ಕಿ ಸೊಂಟ ನೆಟ್ಟಗೆ ಮಾಡಿದಳು.

"ಏನಂದೆ? ಕಳ್ತನಾನಾ? ನಮ್ಮತ್ತೆ ಕುಯ್ದ ಜಾಗ ಕಣ್ಲಾ ಇದು. ಅವಳ ಅತ್ತೇನೂ ಇಲ್ಲೇ ಕುಯ್ದವ್ಳೆ. ನಿಮ್ಮಪ್ಪನ ಮನೆ ಗಂಟು ಹೊತ್ಕಂಡ್ ಹೋಯ್ತಾ ಇದ್ದೀವಾ ನಾವು?"

ಕ್ರಿಸ್ಪಿನ್ ಬಯಲಿನ ಧಣಿಯ ಎಸ್ಟೇಟಿನ ಮ್ಯಾನೇಜರು. ಬೈದರೆ ಅವನಿಗೆ ಸಿಟ್ಟು ಬರುವುದಿಲ್ಲ, ಅದೇ ಅವನ ಬಲ. ಅವನ ಹಿಂದೆ ಹಳದಿ ಜಾಕೀಟಿನ ಇಬ್ಬರು ಹುಡುಗರು ಕಂಬಗಳ ಕಟ್ಟು ಹಿಡಿದುಕೊಂಡು, ಎಲ್ಲಿ ನೋಡಬೇಕೆಂದು ತೋಚದೆ ಮೋಡ ನೋಡುತ್ತಿದ್ದರು.

"ನಾನು ಯಾರ ಮೇಲೂ ದೂರು ಕೊಡುವುದಕ್ಕೆ ಬಂದಿಲ್ಲ, ಡೊಲಿನಾ. ಈ ತಿಂಗಳಿಂದ ಬಯಲಿನಲ್ಲಿ ಏನನ್ನೂ ಕೊಯ್ಯುವ ಹಾಗಿಲ್ಲ. ಕಾಲುವೆಗಳನ್ನು ಮುಚ್ಚಿ ನೀರು ನಿಲ್ಲಿಸುತ್ತೇವೆ. ಮಣ್ಣಿನಲ್ಲಿರುವ ಇಂಗಾಲ ಮಣ್ಣಿನಲ್ಲೇ ಉಳಿಯಬೇಕು. ಇದಕ್ಕೆ ನೀವೇ ಒಪ್ಪಿದ್ದೀರಿ. ಸಭೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೀರಿ."

"ಅದು ಪ್ರಾರ್ಥನೆಗೆ ಎದ್ದಿದ್ದು, ಮುಂಡೇಮಗನೆ."

"ವಿಡಿಯೊ ಇದೆ," ಎಂದು ಹೇಳಿ ಅವನು ಹೊರಟ. ಹುಡುಗರು ಅವಳು ಕೊಯ್ಯುತ್ತಿದ್ದ ಜಾಗದ ತಲೆಯ ಮೇಲೇ ಒಂದು ಕಂಬ ನೆಟ್ಟು, ಕ್ಷಮಿಸಿ ಎಂದು ಹೇಳಿ ಹೋದರು. ಸ್ಕಾಲಬೊಸ್ಟ್ ಊರಿನಲ್ಲಿ ಈಗೀಗ ಏನಿಲ್ಲದಿದ್ದರೂ ಕ್ಷಮೆಗೇನೂ ಬರವಿಲ್ಲ.

ಸ್ಕಾಲಬೊಸ್ಟ್ ಇರುವುದು ಉತ್ತರದ ಕಡಲಿನ ಒಂದು ದ್ವೀಪದಲ್ಲಿ. ಅಲ್ಲಿ ಮರ ಬೆಳೆಯಲು ಗಾಳಿ ಬಿಡುವುದಿಲ್ಲ. ಉರಿಸುವ ಎಣ್ಣೆ ಹಡಗಿನಲ್ಲಿ ಬರಬೇಕು, ಹಡಗು ಬರಲು ಸಮುದ್ರ ಒಪ್ಪಬೇಕು. ಡೊಲಿನಾಳ ಮನೆಯ ಒಲೆ ಅವಳು ಮದುವೆಯಾಗಿ ಬಂದಾಗಿನಿಂದ ಪೀಟಿನಲ್ಲೇ ಉರಿದಿದೆ. ಅದೇ ಒಲೆಯಲ್ಲಿ ಅಡುಗೆ, ಅದೇ ಒಲೆಯಿಂದ ಬಿಸಿನೀರು, ಅದರ ಕಾವಿನಲ್ಲೇ ಹಿತ್ತಿಲ ಕೊಟ್ಟಿಗೆಯ ಮಗ್ಗ. ಉಣ್ಣೆ ಬಟ್ಟೆ ನೇಯುವುದು ಅವಳ ಹೊಟ್ಟೆಪಾಡು. ಮರಗಟ್ಟಿದ ಬೆರಳಿನಲ್ಲಿ ಕಡಿದ ಎಳೆಗೆ ಗಂಟು ಹಾಕಲು ಬರುವುದಿಲ್ಲ. ಪೀಟ್ ಇಲ್ಲದೆ ಒಂದು ಚಳಿಗಾಲ ಕಳೆದರೆ ಮಗ್ಗ ಮಾರಬೇಕು, ಮಗ್ಗ ಮಾರಿದ ಮೇಲೆ ಊರು ಬಿಟ್ಟು ಹಡಗು ಹತ್ತಬೇಕು. ಅವಳಿಗಿದ್ದ ಸಂಕಟ ಇಷ್ಟೇ, ಆದರೆ ಅದನ್ನು ಹೇಳಿಕೊಳ್ಳಲು ಅವಳಿಗೆ ಒಂದು ಮುಖ ಸಿಗುತ್ತಿರಲಿಲ್ಲ.

ಹಿಂದಿನ ಧಣಿಗಾದರೂ ಮುಖವೆಂಬುದೊಂದಿತ್ತು. ವರ್ಷಕ್ಕೊಮ್ಮೆ ಬಂದೂಕು ಹಿಡಿದು ಜಿಂಕೆ ಹೊಡೆಯಲು ಬರುತ್ತಿದ್ದ, ಬೆನ್ನು ತಿರುಗಿಸಿದಾಗ ಕ್ಯಾಕರಿಸಿ ಉಗಿಯಬಹುದಿತ್ತು. ಅವನು ಮಾರಿಕೊಂಡು ಹೋದ ಮೇಲೆ ಧಣಿ ಎಂದರೆ ಲಂಡನ್ನಿನ ಒಂದು ಹಣದ ಸಂಸ್ಥೆ. ಅದು ಗುಡ್ಡ, ಬಯಲು, ಕೊಳಗಳನ್ನು ಕೊಂಡುಕೊಂಡಿತು ಎಂದು ಊರವರು ತಿಳಿದಿದ್ದರು. ಮಣ್ಣಿನೊಳಗೆ ಕಣ್ಣಿಗೆ ಕಾಣದೆ ಕೂತಿರುವ ಇಂಗಾಲವನ್ನೂ ಕೊಂಡಿದೆಯೆಂದು ಆಮೇಲೆ ತಿಳಿಯಿತು. ಪೀಟ್ ಬಯಲನ್ನು ನೀರಿನಲ್ಲಿ ನೆನೆಹಾಕಿದರೆ ಅದು ಗಾಳಿಯಲ್ಲಿರುವ ಹೊಗೆಯನ್ನು ಹೀರಿ ಒಳಗಿಟ್ಟುಕೊಳ್ಳುತ್ತದಂತೆ. ಹಾಗೆ ಹೀರಿದ್ದನ್ನು ಕಾರ್ಬನ್ ಕ್ರೆಡಿಟ್ ಎಂದು ಒಂದು ವಿಮಾನದ ಕಂಪನಿಗೆ ಮಾರುತ್ತಾರಂತೆ. ವಿಮಾನ ಹತ್ತುವವರ ಟಿಕೆಟ್ಟಿನ ಮೇಲೆ ಆಗ ಒಂದು ಹಸಿರು ಎಲೆ ಮೂಡುತ್ತದಂತೆ. ಅವರು ಹಾರಲಿ, ಬೇಡವೆಂದವರಾರು. ಆದರೆ ಅವರು ಹಾರುವುದಕ್ಕೂ ತಾನು ನಡುಗುತ್ತ ಕೂರುವುದಕ್ಕೂ ಯಾಕೆ ಗಂಟು ಬಿತ್ತು ಎನ್ನುವುದು ಡೊಲಿನಾಳಿಗೆ ಅರ್ಥವಾಗಿರಲಿಲ್ಲ. ಅರ್ಥವಾದಷ್ಟೂ ಮೈ ಉರಿಯುತ್ತಿತ್ತು.

ಬಯಲು ಧಣಿಯದಾದರೂ ಅಲ್ಲಿ ಕುರಿ ಮೇಯಿಸುವ, ಪೀಟ್ ಕೊಯ್ಯುವ ಹಕ್ಕು ಊರಿನ ಒಕ್ಕಲುಗಳದು. ಅವರಲ್ಲಿ ಹೆಚ್ಚಿನವರ ಒಪ್ಪಿಗೆಯಿಲ್ಲದೆ ಧಣಿ ಅದನ್ನು ಮುಟ್ಟುವ ಹಾಗಿಲ್ಲವೆಂದು ಕಾನೂನಿದೆ. ಹಿಂದಿನವರು ಲಾಠಿ ಏಟು ತಿಂದು, ಜೈಲು ಕಂಡು ಗಿಟ್ಟಿಸಿದ ಕಾನೂನು. ಆ ಒಪ್ಪಿಗೆಗಾಗಿಯೇ ಕ್ರಿಸ್ಪಿನ್ ಮಾರ್ಚಿನಲ್ಲಿ ಸಭೆ ಕರೆದಿದ್ದ.

ಸಭೆಗೆ ಊರಿಗೆ ಊರೇ ಬಂದಿತ್ತು, ಚಹಾ ಮತ್ತು ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿ ಇದೆಯೆಂದು ಹೇಳಿದ್ದರಿಂದ. ಕ್ರಿಸ್ಪಿನ್ ಪರದೆಯ ಮೇಲೆ ಹಿಮಗಡ್ಡೆ ಕರಗುವುದನ್ನು ತೋರಿಸಿದ, ಬೆಂಕಿ ಹತ್ತಿದ ಕಾಡು ತೋರಿಸಿದ. ಮೂಲೆಯಲ್ಲಿ ಮೂರು ಕಾಲಿನ ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಮುದುಕ ತೊರ್ಮೊಡ್ ಎದ್ದು ಒಂದು ಪ್ರಶ್ನೆ ಕೇಳಿದ: "ಮಣ್ಣಲ್ಲಿರೋ ಇಂಗಾಲ ಧಣೀದು ಅಂತೀರಲ್ಲ ಸ್ವಾಮಿ, ನನ್ ಕುರಿ ಹೂಸೂ ಧಣೀದೇಯಾ?" ಸಭೆ ಬಿದ್ದು ಬಿದ್ದು ನಕ್ಕಿತು. ಕ್ರಿಸ್ಪಿನ್ ಕೂಡ ನಕ್ಕು, ಇಂಗಾಲ ಯಾರದೆನ್ನುವ ಕಾನೂನು ಇನ್ನೂ ತಯಾರಾಗುತ್ತಿದೆ, ಆಗುವ ತನಕ ನೆಲದೊಳಗಿನದು ನೆಲದ ಒಡೆಯರದೇ ಎಂದು ಹೇಳಿದ. ಆಮೇಲೆ, ಯೋಜನೆಗೆ ಒಪ್ಪಿಗೆ ಇರುವವರು ದಯವಿಟ್ಟು ಎದ್ದು ನಿಲ್ಲಿ ಎಂದ.

ಒಬ್ಬರೂ ಅಲುಗಲಿಲ್ಲ. ಸ್ಕಾಲಬೊಸ್ಟಿನವರು ಬೇಡ ಎಂದು ಬಾಯಿಬಿಟ್ಟು ಹೇಳುವವರಲ್ಲ. ಬಂದವರ ಮುಖ ಮುರಿಯಬಾರದೆಂದು ಸುಮ್ಮನೆ ಕೂತು ಬಿಡುತ್ತಾರೆ. ಅವರ ಬೇಡ ಅದೇ. ಹಾಗೆ ಬಹಳ ಹೊತ್ತು ಕೂತರು. ಕ್ರಿಸ್ಪಿನ್‌ನ ಕತ್ತು ಕೆಂಪಾಯಿತು. ಆಗ ಮುಂದಿನ ಸಾಲಿನಿಂದ ಪಾದ್ರಿ ಮ್ಯಾಕ್‌ಆಸ್ಕಿಲ್ ಎದ್ದರು. ಹೊತ್ತಾಯಿತು, ಸಭೆಯನ್ನು ದೇವರಿಗೊಪ್ಪಿಸಿ ಮುಗಿಸೋಣ ಎಂದು ಕೈ ಎತ್ತಿ, "ಪ್ರಾರ್ಥಿಸೋಣ" ಎಂದರು.

ಬೇರೆ ಕಡೆಯ ಕ್ರೈಸ್ತರು ಸಾಮಾನ್ಯವಾಗಿ ನಿಂತು ಹಾಡಿ, ಕೂತೋ ಮಂಡಿಯೂರಿಯೋ ಪ್ರಾರ್ಥಿಸುತ್ತಾರೆ. ಈ ದ್ವೀಪದವರು ಕೂತು ಹಾಡುತ್ತಾರೆ, ನಿಂತು ಪ್ರಾರ್ಥಿಸುತ್ತಾರೆ. ತಾಯಿಯ ಮೊಲೆ ಬಿಡುವ ಮೊದಲೇ ಕಲಿತದ್ದು ಅದು. ಪ್ರಾರ್ಥಿಸೋಣ ಎಂಬ ಮಾತು ಬಿದ್ದರೆ ತಲೆಗೆ ತಿಳಿಯುವ ಮೊದಲೇ ಮಂಡಿ ನೆಟ್ಟಗಾಗುತ್ತದೆ. ಇಡೀ ಸಭೆ ಎದ್ದು ನಿಂತಿತು. ಡೊಲಿನಾಳೂ ನಿಂತಳು.

ತಿಂಗಳ ನಂತರ ಆ ಕ್ಯಾಮೆರಾ ಹಿಡಿದ ಚಿತ್ರ ಸಂಸ್ಥೆಯ ಜಾಹೀರಾತಿನಲ್ಲಿ ಬಂತು. ಊರಿನ ಸರ್ವಾನುಮತ ಎಂದು ಕೆಳಗೆ ಬರೆದಿತ್ತು. ಚಿತ್ರದಲ್ಲಿ ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದರು. ಕಣ್ಣು ಮುಚ್ಚಿಕೊಂಡು ಮತ ಹಾಕುವ ಜನ ಲೋಕದಲ್ಲಿ ಇವರೊಬ್ಬರೇ ಇರಬೇಕು.

ಕಂಬ ನೆಟ್ಟ ಮಾರನೆಯ ದಿನ ಡೊಲಿನಾ ಒಳ್ಳೆಯ ಕೋಟು ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಪಟ್ಟಣದ ಜಮೀನು ಕಚೇರಿಗೆ ಹೋದಳು. ಅಲ್ಲಿದ್ದವನು ವಯಸ್ಸಿನಲ್ಲಿ ಅವಳ ಮಗನಂತಿದ್ದ, ಮಾತಿನಲ್ಲಿ ಮಾತ್ರ ಅವಳ ತಾತನಂತಿದ್ದ. ಅವನಿಗೆ ಆ ಚಿತ್ರ ತೋರಿಸಿದಳು.

"ನೋಡಪ್ಪ, ತಲೆ ಬಗ್ಸವ್ರೆ. ಕಣ್ಣು ಮುಚ್ಚವ್ರೆ. ಇವ್ಳು ನಾನು. ನಾನ್ ಅವಾಗ ದೇವ್ರತ್ರ ಮಾತಾಡ್ತಿದ್ದೆ, ಈ ನನ್ ಮಗನತ್ರ ಅಲ್ಲ."

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಹೆಚ್ಚಿನವರು ಒಪ್ಪಬೇಕೆಂದು ಕಾನೂನಿನಲ್ಲಿದೆ, ಒಪ್ಪುವಾಗ ಕಣ್ಣು ತೆರೆದಿರಬೇಕೆಂದು ಎಲ್ಲೂ ಇಲ್ಲ ಎಂದ. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಹುಡುಕಿ ನೋಡಿ ಹೇಳಿದ. ಮೇಲಾಗಿ ಮೇಯಿಸುವುದು, ಕೊಯ್ಯುವುದು ತಮ್ಮ ಕಚೇರಿಗೆ ಸೇರಿದ್ದು, ಇಂಗಾಲ ತಮಗೆ ಸೇರಿದ್ದಲ್ಲ ಎಂದು ಇನ್ನೊಂದು ಕಡೆಗೆ ಫೋನು ಹಚ್ಚಿ ಕೊಟ್ಟ. ಆ ಕಡೆಯ ಹೆಂಗಸು, ಇಂಗಾಲದ ನಿಯಮಗಳು ಆ ಯೋಜನೆಗೆ ಇಷ್ಟಪಟ್ಟು ಸೇರಿದವರಿಗೆ ಮಾತ್ರ, ಸೇರಿದವರು ಮಾತ್ರ ದೂರು ಕೊಡಬಹುದು ಎಂದಳು. ತಾನೂ ಸೇರುತ್ತೇನೆ ಎಂದಳು ಡೊಲಿನಾ. ಸೇರಲು ಬಯಲಿನ ಒಡೆತನ ಇರಬೇಕು ಎಂದಳು ಆಕೆ. ಹೊಸ ಮಸೂದೆ ಬರುತ್ತಿದೆಯಲ್ಲ, ಅದಕ್ಕೆ ಜನರ ಅಭಿಪ್ರಾಯ ಕೇಳುತ್ತಿದ್ದಾರೆ, ಅಲ್ಲಿ ಹೇಳಿ ಎಂದು ಮೂರನೆಯ ಕಡೆಗೆ ದಾಟಿಸಿದಳು. ಮೂರನೆಯ ಕಡೆ ಫೋನೆತ್ತಿದ್ದು ಮನುಷ್ಯರಲ್ಲ, ಅಭಿಪ್ರಾಯ ಕೇಳುವ ಅವಧಿ ಮುಗಿದಿದೆ ಎಂದು ಹೇಳುವ ಯಂತ್ರ.

ಹುಡುಗನಿಗೆ ಪಾಪ ಅನ್ನಿಸಿತೋ ಏನೋ, ಕರೆಂಟಿನಲ್ಲಿ ಮನೆ ಬೆಚ್ಚಗಿಡುವುದು ಹೇಗೆ ಎಂಬ ಬಣ್ಣದ ಹಾಳೆಯೊಂದನ್ನು ಅವಳ ಕೈಗಿತ್ತ. ಬಸ್ಸಿನಲ್ಲಿ ಕೂತು, ಅದರಲ್ಲಿದ್ದ ಬೆಲೆ ನೋಡಿ ಅವಳು ಅದನ್ನು ಉಂಡೆ ಕಟ್ಟಿದಳು. ಯಾರ ಮೇಲೆ ಕೂಗಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಸರಿಯಾಗಿಯೇ ಮಾತಾಡುತ್ತಾರೆ, ಎಲ್ಲರೂ ಸೇರಿ ಅವಳ ಒಲೆಗೆ ನೀರು ಸುರಿಯುತ್ತಾರೆ.

ಉಳಿದವರು ಪಾದ್ರಿಗಳು. ಅವತ್ತು ಎದ್ದದ್ದು ದೇವರಿಗೆ, ಧಣಿಗಲ್ಲ ಎಂದು ಅವರು ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದುಕೊಂಡು ಅವರ ಮನೆಗೆ ಹೋದಳು. ಅವರ ಸೂರಿಗೆ ಹೊಸ ಕಲ್ಲುಹೆಂಚು ಬಂದಿತ್ತು. ಗೋಡೆಗೆ ಮನೆ ಬೆಚ್ಚಗಿಡುವ ಹೊಸ ಕರೆಂಟಿನ ಯಂತ್ರ ಬಂದಿತ್ತು. ಎಸ್ಟೇಟಿನವರು ಊರಿನ ಒಳಿತಿಗೆಂದು ತೆಗೆದಿಟ್ಟ ಹಣದಲ್ಲಿ ಆದದ್ದು ಎಂದು ಊರೆಲ್ಲ ಬಲ್ಲದು. ಪಾದ್ರಿ ಆ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತು ಅವಳ ಮಾತು ಕೇಳಿದರು. ಆ ಮನೆಯಲ್ಲಿ ಮೊದಲ ಸಲ ಅವಳಿಗೆ ಚಹಾ ಬೇಕೇ ಎಂದು ಯಾರೂ ಕೇಳಲಿಲ್ಲ.

"ಪ್ರಾರ್ಥನೆಯನ್ನು ಕಚೇರಿಯ ಜಗಳಕ್ಕೆ ಎಳೆಯಬೇಡ, ಡೊಲಿನಾ. ಈ ಕೆಲಸಕ್ಕೆ ದೇವರ ಆಶೀರ್ವಾದ ಇರಲಿ ಅಂತ ನಾನು ಕೇಳಿಕೊಂಡೆ. ಆಗ ಯಾರೂ ಕೂತುಕೊಳ್ಳಲಿಲ್ಲ."

"ಪ್ರಾರ್ಥನೆ ಅರ್ಧದಾಗೆ ಯಾರ್ ಕುತ್ಕತಾರೆ ಪಾದ್ರಿಗಳೇ? ನೀವೇ ಕಲ್ಸಿದ್ದಲ್ವಾ?"

"ಭೂಮಿ ದೇವರದು. ನಾವು ಅದನ್ನು ಸುಡುತ್ತ ಬಂದಿದ್ದೇವೆ. ಬೆಚ್ಚಗಿರುವ ಆಸೆಗೂ ಒಂದು ಮಿತಿ ಇರಬೇಕಮ್ಮ."

ಡೊಲಿನಾ ಅವರ ಬೆನ್ನ ಹಿಂದಿನ ಯಂತ್ರ ನೋಡಿದಳು, ಅವರನ್ನು ನೋಡಿದಳು. ಪಾದ್ರಿಯನ್ನು ಬೈಯುವಷ್ಟು ದೂರ ಅವಳಿನ್ನೂ ಬಂದಿರಲಿಲ್ಲ. ಒಲೆ ಆರಿದ ದಿನ ನಿಮ್ಮ ಮನೆಗೇ ಬಂದು ಕೂರುತ್ತೇನೆ ಎಂದು ಮಾತ್ರ ಹೇಳಿ ಹೊರಬಿದ್ದಳು.

ಆ ವಾರವೇ ಎಸ್ಟೇಟಿನ ಮಣ್ಣು ತೋಡುವ ಯಂತ್ರ ಬಂತು. ಅತ್ತಿಗೆ ನಾದಿನಿ ಕೊಯ್ದು ಒಣಗಲು ಹರಡಿದ್ದ ಹೆಂಟೆಗಳನ್ನೆಲ್ಲ ಬಾಚಿ ಕಾಲುವೆಗೆ ತಳ್ಳಿ, ಕೊಯ್ದ ಗಾಯ ಕಾಣದ ಹಾಗೆ ಹುಲ್ಲಿನ ಪದರ ಹಾಸಿ ಹೋಯಿತು. ರಸ್ತೆಯ ಬದಿಯ ಅಷ್ಟೂ ಮನೆಗಳವರ ಹೆಂಟೆಗೂ ಇದೇ ಗತಿ ಆಯಿತು. ಊರವರು ಬಂದು ನಿಂತು ನೋಡಿದರು. ಹೋಗಲಿ ಬಿಡು, ಮುಂದಿನ ವರ್ಷ ಏನಾದರೂ ಆಗುತ್ತದೆ ಎಂದ ತೊರ್ಮೊಡ್. ಅವನಿಗೆ ಎಂಬತ್ತರ ಮೇಲಾಗಿತ್ತು, ಮುಂದಿನ ವರ್ಷದ ಮೇಲೆ ಅವನಿಗಿದ್ದ ಭರವಸೆ ನೋಡಿ ಡೊಲಿನಾಳಿಗೆ ಅಳು ಬಂತು.

ಯಂತ್ರದ ಅವಸರ ಯಾಕೆಂದು ಶನಿವಾರ ಗೊತ್ತಾಯಿತು. ಸೋನಾಗ್ ಎಸ್ಟೇಟಿನ ಅತಿಥಿಗೃಹದಲ್ಲಿ ಅಡುಗೆಯವಳು. ಒಬ್ಬ ಹೆಂಗಸು ಬಂದಿಳಿದಿದ್ದಾಳೆ, ಬಯಲನ್ನು ನೋಡಿ, ಕ್ರೆಡಿಟ್ ಮಾರಬಹುದೆಂದು ಮುದ್ರೆ ಒತ್ತುವವಳು ಎಂದು ಸುದ್ದಿ ತಂದಳು. ಹತ್ತು ವರ್ಷದಿಂದ ಇಲ್ಲಿ ಯಾರೂ ಪೀಟ್ ಕೊಯ್ದಿಲ್ಲ ಎಂದು ಅವಳಿಗೆ ಹೇಳಿದ್ದಾರಂತೆ. ಊರವರು ಕೊಯ್ಯುವುದು ಕಂಡರೆ ಮುದ್ರೆ ಬೀಳುವುದಿಲ್ಲವಂತೆ. ನಾಳೆ ಬೆಳಿಗ್ಗೆ ಬಯಲೆಲ್ಲ ಅಡ್ಡಾಡಿಸಿ ತೋರಿಸುತ್ತಾರಂತೆ.

"ನಾಳೀಕಾ? ಭಾನ್ವಾರ?" ಎಂದಳು ಡೊಲಿನಾ.

ಭಾನುವಾರ ದೇವರ ದಿನ, ಅಡುಗೆಯೊಂದನ್ನು ಬಿಟ್ಟು ಬೇರೆ ಕೆಲಸ ಮಾಡಿದರೆ ಪಾಪ. ಅಂದು ಸ್ಕಾಲಬೊಸ್ಟಿನಲ್ಲಿ ತಂತಿಯ ಮೇಲೆ ಬಟ್ಟೆ ಒಣಗುವುದಿಲ್ಲ, ಮಗ್ಗ ಸದ್ದು ಮಾಡುವುದಿಲ್ಲ, ದೋಣಿ ನೀರಿಗಿಳಿಯುವುದಿಲ್ಲ. ಮಕ್ಕಳ ಉಯ್ಯಾಲೆಯನ್ನು ಕೂಡ ಶನಿವಾರ ರಾತ್ರಿಯೇ ಕಟ್ಟಿಹಾಕುತ್ತಾರೆ. ಆ ದಿನ ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಇದು ಕ್ರಿಸ್ಪಿನ್‌ಗೂ ಗೊತ್ತು.

"ಆ ಬಡ್ಡೀಮಗ ನಮ್ ದೇವ್ರನ್ನೇ ಕಾವ್ಲಿಗಿಟ್ಕಂಡವ್ನೆ ಕಣೆ," ಎಂದಳು ಡೊಲಿನಾ. ಒಲೆಯ ಕೆಂಡ ಕೆದಕಿ, ನಾಳೆ ನಾನು ಕೊಯ್ಯಲು ಹೋಗುತ್ತೇನೆ ಎಂದಳು.

ಸೋನಾಗ್ ಮೊದಲು ನಕ್ಕಳು. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಭಾನ್ವಾರ ಸನಿಕೆ ಹಿಡಿದ್ರೆ, ನೀನ್ ಸತ್ರೆ ಹೆಣ ಹೊರಾಕೂ ಯಾರೂ ಬರಾಕಿಲ್ಲ ಅತ್ತಿಗೆ. ನನ್ನ ಮಾತ್ರ ಕರೀಬ್ಯಾಡ. ನನ್ ಕೆಲ್ಸ ಹೋಯ್ತದೆ. ಕೆಲ್ಸ ಹಾಳಾಗೋಗ್ಲಿ, ನಂಗೆ ದೇವ್ರ ಭಯ ಐತೆ."

ನಿನ್ನನ್ನು ಯಾರೂ ಕರೆದಿಲ್ಲ ಎಂದಳು ಡೊಲಿನಾ. ತನಗೂ ಅದೇ ಭಯವಿದೆಯೆಂದು ಅವಳು ಹೇಳಲಿಲ್ಲ.

ಮರುದಿನ ಅವಳು ಸನಿಕೆಯನ್ನು ಹೆಗಲಿಗೇರಿಸಿ ಚರ್ಚಿನ ಮುಂದೆಯೇ ನಡೆದು ಹೋದಳು. ಬೇರೆ ದಾರಿ ಇರಲಿಲ್ಲ. ಒಳಗೆ ಕೀರ್ತನೆ ನಡೆದಿತ್ತು. ಒಬ್ಬ ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನು ಎಳೆದು ಎಳೆದು ಹಾಡುವುದು ಕೇಳುತ್ತಿತ್ತು. ಅವಳ ಕಾಲು ತಾನಾಗಿಯೇ ಚರ್ಚಿನ ಬಾಗಿಲ ಕಡೆಗೆ ತಿರುಗಿತು. ಗಂಡನ ಹೆಣವನ್ನು ಹೊರಗಿಟ್ಟಾಗ ಇದೇ ಹಾಡು ಹಾಡಿದ್ದರು. ಅವಳು ಹಲ್ಲು ಕಚ್ಚಿಕೊಂಡು ಬಯಲಿಗಿಳಿದಳು, ಯಂತ್ರ ಹಾಸಿದ ಹುಲ್ಲಿನ ಪದರವನ್ನು ಕಿತ್ತೆಸೆದಳು, ಕಾಲೂರಿ ಒತ್ತಿದಳು. ಹೆಂಟೆ ಸೀಳಿ ಬಂತು. ಹಿಡಿಯುವವರಿಲ್ಲದೆ ಕಾಲುವೆಯ ನೀರಿಗೆ ಬಿತ್ತು. ಇನ್ನೊಂದು ಕೊಯ್ದಳು. ಅದೂ ಬಿತ್ತು. ಬಿದ್ದರೆ ಬೀಳಲಿ ಎಂದು ಕೊಯ್ಯುತ್ತಲೇ ಇದ್ದಳು.

ಕ್ರಿಸ್ಪಿನ್ ಮುದ್ರೆ ಒತ್ತುವ ಹೆಂಗಸನ್ನು ಕರೆದುಕೊಂಡು ದಿಬ್ಬ ಹತ್ತಿ ಬಂದವನು ಇವಳನ್ನು ಕಂಡು ಗಕ್ಕನೆ ನಿಂತ. ಹೊಸಬೂಟಿನ ಹೆಂಗಸು ಹತ್ತಿರ ಬಂದು, ಇಲ್ಲಿ ಇನ್ನೂ ಕೊಯ್ಯುತ್ತಾರೆಯೇ ಎಂದು ಕೇಳಿದಳು. ಡೊಲಿನಾ ಉತ್ತರ ಕೊಡುವ ಮೊದಲೇ ಕ್ರಿಸ್ಪಿನ್ ನಡುವೆ ಬಂದ.

"ಇವರೊಬ್ಬರೇ. ಪ್ರತಿ ಊರಿನಲ್ಲೂ ಇಂಥವರು ಒಬ್ಬರು ಇರುತ್ತಾರೆ, ನಿಮಗೆ ಗೊತ್ತಲ್ಲ. ಉಳಿದ ಊರೆಲ್ಲ ಒಪ್ಪಿದೆ."

ಆ ಹೆಂಗಸು ತಲೆದೂಗಿದಳು. ಕೊಯ್ಯುವವರು ಒಬ್ಬರೇ ಎಂದರೆ ಅದನ್ನು ಊರಿನ ಬಳಕೆ ಎಂದು ಹಿಡಿಯಲು ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಅದು ಡೊಲಿನಾಳಿಗೆ ಇನ್ನೂ ಕೆಡುಕೆನಿಸಿತು.

ಅಷ್ಟರಲ್ಲಿ ಚರ್ಚು ಬಿಟ್ಟಿತು. ಕಪ್ಪು ಬಟ್ಟೆಯ ಜನ ರಸ್ತೆಗೆ ಬಂದವರು ಬಯಲಿನ ಕಡೆ ನೋಡಿ ಅಲ್ಲಲ್ಲೇ ನಿಂತರು. ಹೆಂಗಸರು ಬಾಯಿಗೆ ಕೈ ಇಟ್ಟರು. ಪಾದ್ರಿ ಮ್ಯಾಕ್‌ಆಸ್ಕಿಲ್ ರಸ್ತೆಯಂಚಿಗೆ ಬಂದು, ಇಂದು ಯಾವ ದಿನವೆಂದು ಗೊತ್ತಿದೆಯೇ ಎಂದು ಕೂಗಿ ಕೇಳಿದರು.

"ಗೊತ್ತು ಪಾದ್ರಿಗಳೇ," ಎಂದಳು ಡೊಲಿನಾ. "ಇವ್ರಿಗೂ ಗೊತ್ತು. ಅದ್ಕೇ ಇವತ್ತೇ ಬಂದವ್ರೆ."

ಪಾದ್ರಿ ಜನರ ಕಡೆ ತಿರುಗಿ, ಇದನ್ನು ನೋಡುವುದೂ ಪಾಪ, ಮನೆಗೆ ನಡೆಯಿರಿ ಎಂದರು. ಜನ ನಡೆದರು. ಕೆಲವರು ಬೇಗ ನಡೆದರು, ಕೆಲವರು ಹಿಂದೆ ನೋಡುತ್ತ ನಡೆದರು. ತೊರ್ಮೊಡ್ ಕೋಲೂರಿ ಸ್ವಲ್ಪ ಹೊತ್ತು ನಿಂತಿದ್ದು, ಅವನೂ ನಡೆದ. ಡೊಲಿನಾ ಅತ್ತ ನೋಡಲಿಲ್ಲ. ಕಣ್ಣಿಗೆ ನೀರು ತುಂಬಿ ಸನಿಕೆಯ ಬಾಯಿ ಎಲ್ಲಿ ಬೀಳುತ್ತಿದೆ ಎಂಬುದೇ ಕಾಣುತ್ತಿರಲಿಲ್ಲ.

ಕೆಳಗೆ ಕಾಲುವೆಯಲ್ಲಿ ನೀರು ಕಲಕಿದ ಸದ್ದಾಯಿತು. ಸೋನಾಗ್ ಚರ್ಚಿನ ಟೋಪಿಯಲ್ಲೇ, ಚರ್ಚಿನ ಬೂಟಿನಲ್ಲೇ ಇಳಿದು ನಿಂತಿದ್ದಳು. ನೀರು ಅವಳ ಮೀನಖಂಡದವರೆಗೆ ಬಂದಿತ್ತು. ತುಟಿ ಏನನ್ನೋ ಜಪಿಸುತ್ತಿತ್ತು.

"ಸೋನಾಗ್," ಎಂದ ಕ್ರಿಸ್ಪಿನ್, ಮೊದಲ ಸಲ ಅವನ ದನಿ ಏರಿತು. "ಅತಿಥಿಗಳ ಊಟದ ಹೊತ್ತಾಯಿತು."

ಅವನು ನಿಂತಿದ್ದದ್ದು ದಡದ ಹುಲ್ಲಿನ ಮೇಲೆ, ಹೆಂಟೆ ಒಣಗಲು ಹರಡುವ ಕಡೆ. ಸೋನಾಗ್ ತಲೆಯೆತ್ತಿ ಅವನನ್ನು ನೋಡಿದಳು.

"ವಸಿ ಸರ್ಕಳಿ ಸ್ವಾಮಿ. ಅದು ಹೆಂಟೆ ಹಾಕೋ ಜಾಗ."

ಮುದ್ರೆ ಒತ್ತುವ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಕ್ರಿಸ್ಪಿನ್ ಸರಿಯಲಿಲ್ಲ. ಡೊಲಿನಾ ತೋಳಿನಿಂದ ಕಣ್ಣೊರೆಸಿಕೊಂಡು ಸನಿಕೆ ಒತ್ತಿದಳು. ಸೋನಾಗ್ ಒದ್ದೆ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ವರ್ಷ ಎಸೆಯುವ ಜಾಗಕ್ಕೇ ಎಸೆದಳು.